ಹನಿ ಒಳಗೆ ಹೋದ ಮೇಲೆ

ಹೊಯ್ಗೆಬಜಾರಿನ ಈ ಕೋಣೆಗೆ
ಎಷ್ಟು ಫಿನಾಯಿಲ್ ಹಾಕಿದರೂ ಬಂಗುಡೆಯದೇ ವಾಸನೆ.
ಮೇಜಿನ ಮೇಲೆ ದಕ್ಕೆಯ ಬೊಳ್ಳು,
ಹೆಸರಿಗೆ ಬಿಳಿ, ಮೈಯೆಲ್ಲ ಡೀಸೆಲ್ಲಿನ ಕಂದು.
ಐಸ್ ಲಾರಿ ಹಿಂದಕ್ಕೆ ಬಂದದ್ದು ಬೆಳಗಿನ ನಾಲ್ಕೂವರೆಗೆ.
ಎಡ ತೊಡೆಯೆಲುಬು ಎರಡು ತುಂಡು.

ತಂದವಳು ಸುಗಂಧಿಯಕ್ಕ, ಮೀನಿನ ಬುಟ್ಟಿಯಲ್ಲೇ ಮಲಗಿಸಿ.
"ನನ್ನದಲ್ಲ ಡಾಕ್ಟ್ರೆ, ದಕ್ಕೆಯದ್ದು" ಎಂದಳು.
ಸೆರಗಿನ ಗಂಟು ಬಿಚ್ಚಿ ಕೊಟ್ಟ ನೋಟಿಗೆ
ಒಂದು ಹುರುಪೆ ಅಂಟಿಕೊಂಡಿತ್ತು.

ನಿದ್ದೆ ಬರಿಸಿಯಾಯಿತು. ಆದರೆ
ನಿದ್ದೆಯ ಲೆಕ್ಕ ಬೇರೆ, ನೋವಿನ ಲೆಕ್ಕ ಬೇರೆ.
ಎಚ್ಚರವಿಲ್ಲದ ಮೈಯೊಳಗೂ ಅದು ತನ್ನ ಪಾಡಿಗೆ ನಡೆಯುತ್ತದೆ,
ಎದೆಬಡಿತ ಏರುತ್ತದೆ,
ಯಾರೂ ಇಲ್ಲದ ಮನೆಯಲ್ಲಿ ಫೋನು ಹೊಡೆದುಕೊಂಡ ಹಾಗೆ.

ಹಿಂಗಾಲಿಗೆ ನೋವಿನ ದಾರಿ ಎರಡು:
ತೊಡೆಯ ಒಳಮಗ್ಗುಲಿಂದ ಒಂದು, ಸೊಂಟದ ಹಿಂದಿನಿಂದ ಒಂದು.
ಹೊಸತರಲ್ಲಿ ನಾನು ಒಂದನ್ನೇ ಕಟ್ಟಿ ಗೆದ್ದೆನೆಂದುಕೊಂಡಿದ್ದೆ.
ಪಂಪ್‌ವೆಲ್ ಬಂದ್ ಮಾಡಿದರೆ
ನಂತೂರಿನಿಂದ ಬರುತ್ತದೆ ಮಾರಾಯ್ರೆ.
ಅಂದು ಮೇಜಿನ ಮೇಲಿದ್ದದ್ದು ಕದ್ರಿಯ ಒಂದು ಮುದಿ ಲ್ಯಾಬ್ರಡಾರ್.
ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಇಂದು ದಾರಿಗಳು ಕವಲೊಡೆಯುವ ಮೊದಲೇ, ಬೆನ್ನಿನ ಬುಡದಲ್ಲೇ.
ಲ್ಯಾನ್ಸಿ ಹಿಂಗಾಲುಗಳನ್ನು ಮೆಲ್ಲಗೆ ಮುಂದಕ್ಕೆ ಸರಿಸಿ ಹಿಡಿದ.
ಹೆಬ್ಬೆರಳು ಸೊಂಟದೆಲುಬಿನ ಈ ತುದಿಗೆ, ನಡುಬೆರಳು ಆ ತುದಿಗೆ,
ತೋರುಬೆರಳು ತಾನಾಗಿ ಜಾರಿದ ತಗ್ಗು,
ಹಲಸಿನ ಬೀಜ ಕೂರುವಷ್ಟು.
ಸೂಜಿ ಚರ್ಮ ದಾಟಿತು, ಕೊಬ್ಬು ದಾಟಿತು.
ಸೂಜಿಯ ಬಾಯಿಗೆ ಉಪ್ಪುನೀರಿನ ಒಂದು ಹನಿ ಇಟ್ಟೆ.
ತಳ್ಳಿದೆ, ಕೂದಲೆಳೆಯಷ್ಟು. ಹನಿ ಕೂತೇ ಇತ್ತು.
ಮತ್ತೆ ಕೂದಲೆಳೆಯಷ್ಟು.
ಹೊರಗೆ ಯಾರೋ ಬೂತಾಯಿ, ಬೂತಾಯಿ ಎಂದು ಕೂಗಿದರು.
ಸಣ್ಣದೊಂದು ಟಪ್,
ಕಿವಿಗಲ್ಲ, ಬೆರಳಿಗೆ ಕೇಳುವಂಥದು,
ಹನಿ ಇಲ್ಲ.
ಯಾರೋ ಒಳಗಿಂದ ಹೀರಿಕೊಂಡ ಹಾಗೆ.

ರಕ್ತ ಬರಲಿಲ್ಲ, ಬೆನ್ನುನೀರು ಬರಲಿಲ್ಲ.
ನಿಧಾನಕ್ಕೆ ಔಷಧಿ ಬಿಟ್ಟೆ.
ಮುರಿದ ಮಗ್ಗುಲು ಕೆಳಗೆ ಮಾಡಿ ಹತ್ತು ನಿಮಿಷ ಮಲಗಿಸಿದೆ;
ಔಷಧಿಗೂ ಇಳಿಜಾರೆಂದರೆ ಇಷ್ಟ.
ಬಾಲ ಎತ್ತಿ ಬಿಟ್ಟೆ. ಒದ್ದೆ ಹಗ್ಗದಂತೆ ಬಿತ್ತು.

ಡ್ರಿಲ್ ಎಲುಬಿಗೆ ಇಳಿಯುವಾಗ ಲ್ಯಾನ್ಸಿಯ ಕಣ್ಣು ಪರದೆಯ ಮೇಲೆ.
"ತೊಂಬತ್ತೆರಡು" ಎಂದ.
ಸ್ವಲ್ಪ ಹೊತ್ತು ಬಿಟ್ಟು, "ತೊಂಬತ್ತೆರಡು."
ಆ ವಾರ ನನಗೆ ಯಾರೂ
ಅಷ್ಟು ಇಂಪಾದ ಮಾತು ಹೇಳಿರಲಿಲ್ಲ.

ಮಧ್ಯಾಹ್ನ ಬೊಳ್ಳು ಕಣ್ಣು ಬಿಟ್ಟಿತು. ಕುಂಯ್ ಅನ್ನಲಿಲ್ಲ.
ಕುತ್ತಿಗೆ ತಿರುಗಿಸಿ ತನ್ನ ಹಿಂಗಾಲನ್ನು ಮೂಸಿತು,
ಮತ್ತೆ ಮೂಸಿತು,
ಬಂದರಿನ ಇನ್ನಾವುದೋ ನಾಯಿ ತನ್ನ ಜಾಗದಲ್ಲಿ ಬಂದು ಮಲಗಿದಂತೆ
ಸಣ್ಣಗೆ ಗುರ್ರೆಂದಿತು.

ಸುಗಂಧಿಯಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು.
"ಬೆನ್ನಿಗೆ ಕೊಟ್ಟದ್ದಾ?"
ಹೌದೆಂದೆ.
"ನಂಗೂ ಕೊಟ್ಟಿದ್ರು, ಲೇಡಿಗೋಶನಲ್ಲಿ, ಎರಡನೆಯದಕ್ಕೆ.
ಹೊಟ್ಟೆ ಕೊಯ್ಯುವಾಗ ನಾನು ಗೋಡೆಯ ಗಡಿಯಾರ ನೋಡ್ತಾ ಇದ್ದೆ.
ಆಮೇಲೆ ಕೈ ತಾಗಿದ್ರೆ ಯಾರದ್ದೋ ತೊಡೆ, ತಣ್ಣಗೆ.
ನರ್ಸಮ್ಮನಿಗೆ ಹೇಳಿದೆ,
ಪಕ್ಕದ ಮಂಚದವರು ನನ್ನ ಮೇಲೆ ಕಾಲು ಹಾಕಿದ್ದಾರೆ, ತೆಗೀರಿ ಅಂತ."
ಮಗುವಿನ ಬಗ್ಗೆ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಕುಕ್ಕರುಗಾಲಲ್ಲಿ ಕೂತು ನಾಯಿಯ ಕಿವಿಯ ಹತ್ತಿರ ಅಂದಳು:
"ಬರ್ತದೆ ಮಗಾ. ಮೊದಲು ಬೆರಳಿಗೆ, ಮತ್ತೆ ಮೊಣಗಂಟಿಗೆ.
ನೋವೂ ಬರ್ತದೆ, ಹೆದರಬೇಡ."

ನಾನು ಚೀಟಿ ಬರೆಯುತ್ತಿದ್ದೆ:
ಮೂತ್ರ ಹೋಗುತ್ತದಾ ನೋಡಬೇಕು, ಕಟ್ಟು ಒದ್ದೆಯಾಗಬಾರದು,
ಬೆನ್ನಿಗೆ ಬೋಳಿಸಿದ ಕೂದಲು ಬರಲು ತಡವಾದೀತು.
ಅವಳಿಗೆ ಓದಲು ಬರುವುದಿಲ್ಲವೆಂದು ನೆನಪಾಗಿ
ಚೀಟಿಯನ್ನು ಪುನಃ ಬಾಯಲ್ಲಿ ಹೇಳಿದೆ.

ಸಂಜೆ ಬುಟ್ಟಿಯ ಅಂಚಿಗೆ ಏನೋ ಒಮ್ಮೆ ತಾಗಿದ ಸದ್ದು.
ಲ್ಯಾನ್ಸಿ ಬಗ್ಗಿ ನೋಡಿ, ಪೆನ್ನು ಹುಡುಕಿ,
ಪುಸ್ತಕದಲ್ಲಿ ಬರೆದ:
ಬಾಲ. ನಾಲ್ಕು ಹತ್ತು.